ಅಪ್ಪ-ಅಮ್ಮನಿಗೆ ಬೇಸ್‌ಬಾಲ್ ತೋರಿಸಲು ಏಪ್ರಿಲ್ ಒಳ್ಳೆಯದಾ, ಅಕ್ಟೋಬರ್ ಒಳ್ಳೆಯದಾ?

ಎರಡೂ ಬೇಡ. ನೀವು ಶಿಕಾಗೋದಲ್ಲಿದ್ದೀರಿ, ಮಾರ್ಚ್ ಕೊನೆಗೆ ಅಪ್ಪ-ಅಮ್ಮ ಬರುತ್ತಿದ್ದಾರೆ. ಸೀಸನ್ ಶುರುವಾದ ವಾರವೇ ಕರೆದುಕೊಂಡು ಹೋಗಲಾ, ಇಲ್ಲ ಅಕ್ಟೋಬರ್‌ನ ಫೈನಲ್ ಸರಣಿ ವರ್ಲ್ಡ್ ಸೀರೀಸ್‌ಗೆ ಕಾಯಲಾ ಎಂಬುದು ನಿಮ್ಮ ಪ್ರಶ್ನೆ. ಇದೇ ಪ್ರಶ್ನೆ 2007ರಲ್ಲಿ ನನಗೂ ಇತ್ತು. ನಾನು ಯಾರನ್ನೂ ಕೇಳಲಿಲ್ಲ, ಅಷ್ಟೇ.

ಆಗ ನಾನು ಕ್ಲೀವ್‌ಲ್ಯಾಂಡ್‌ನಲ್ಲಿದ್ದೆ. ತುಮಕೂರಿನಿಂದ ಅಪ್ಪ ಬಂದಿದ್ದರು. ಅಪ್ಪನಿಗೆ ಕ್ರಿಕೆಟ್ ಅಂದ್ರೆ ಪ್ರಾಣ. ಆ ವರ್ಷ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್. ನಮ್ಮವರು ಬಾಂಗ್ಲಾದೇಶಕ್ಕೂ ಸೋತು, ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿದ್ದರು. ಅಪ್ಪ ಟಿವಿ ರಿಮೋಟನ್ನೇ ಮುಟ್ಟುತ್ತಿರಲಿಲ್ಲ. ಇಲ್ಲಿಯ ಆಟವನ್ನಾದರೂ ತೋರಿಸೋಣ ಎಂದು ಏಪ್ರಿಲ್ ಮೊದಲ ವಾರ, ಸಿಯಾಟಲ್ ತಂಡದ ಜೊತೆಗಿನ ಪಂದ್ಯಗಳಿಗೆ ಟಿಕೆಟ್ ತೆಗೆದೆ.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕಂದ್ರೆ ನೀವೂ ಅಲ್ಲಿಗೇ ಹೊರಟಿದ್ದೀರಿ. ಏಪ್ರಿಲ್ ಅಂದ್ರೆ ನಮ್ಮ ತಲೆಯಲ್ಲಿ ಯುಗಾದಿ ಮುಗಿದು ಮಾವಿನಕಾಯಿ ಚಿತ್ರಾನ್ನ, ಫುಲ್ ಸ್ಪೀಡಲ್ಲಿ ಫ್ಯಾನು. ಇಷ್ಟು ವರ್ಷ ಇಲ್ಲಿದ್ದರೂ ಆ ಕ್ಯಾಲೆಂಡರ್ ತಲೆಯಿಂದ ಇಳಿಯಲ್ಲ. ಮೈದಾನ ಈರಿ ಸರೋವರದಿಂದ ಹೆಚ್ಚು ದೂರವೇನಿಲ್ಲ. ಉತ್ತರದ ತಣ್ಣನೆಯ ಗಾಳಿ ಆ ನೀರಿನ ಮೇಲೆ ಹಾದು ಬಂದರೆ ತೇವ ಹೊತ್ತು ತಂದು ಊರಿನ ಮೇಲೆ ಹಿಮವಾಗಿ ಸುರಿಯುತ್ತದೆ. ಇದು ನನಗೆ ಗೊತ್ತಿತ್ತು. ಆದರೂ, ಇಷ್ಟು ದುಡ್ಡಿರುವ ಲೀಗ್ ಹವಾಮಾನ ನೋಡದೆ ಪಂದ್ಯ ಇಡುತ್ತಾ ಅಂದುಕೊಂಡೆ. ಅದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿದೆ. ಶುಕ್ರವಾರ, ಶನಿವಾರ, ಭಾನುವಾರ, ಮೂರು ದಿನಕ್ಕೂ ಟಿಕೆಟ್ ತಗೊಂಡೆ. ಒಂದು ದಿನ ಕೈಕೊಟ್ಟರೆ ಇನ್ನೊಂದು ದಿನ ಇದೆಯಲ್ಲ ಅನ್ನೋ ಧೈರ್ಯ. ಟಿಕೆಟ್ ಮೂರಾದರೂ ಮೋಡ ಒಂದೇ ಅಂತ ಹೊಳೆಯಲಿಲ್ಲ. ಶುಕ್ರವಾರ ಕೂತ ಚಳಿ ಭಾನುವಾರ ಎದ್ದು ಹೋಗುತ್ತಾ? ಮುಂದಿನ ಬುಧವಾರ ಅಪ್ಪನ ವಿಮಾನ ಬೇರೆ. ಬೇರೆ ಬೇರೆ ವಾರಕ್ಕೆ ತೆಗೆದಿದ್ದರೆ ಅಥವಾ ಅಪ್ಪನನ್ನು ಒಂದೆರಡು ತಿಂಗಳು ತಡವಾಗಿ ಕರೆಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಏಪ್ರಿಲ್ 6, ಶುಕ್ರವಾರ. ಅಪ್ಪ ಮಂಕಿ ಕ್ಯಾಪ್, ಅದರ ಮೇಲೆ ನನ್ನ ಜಾಕೆಟ್ಟಿನ ಟೊಪ್ಪಿ, ಕಾಲ ಮೇಲೆ ಶಾಲು. ಆಟ ಶುರುವಾಯಿತು, ಹಿಮವೂ ಶುರುವಾಯಿತು. ಆಟ ನಿಲ್ಲುತ್ತದೆ, ಬೆನ್ನಿಗೆ ಬ್ಲೋವರ್ ಕಟ್ಟಿಕೊಂಡ ಹುಡುಗರು ಬರುತ್ತಾರೆ. ನಮ್ಮ ಕಡೆ ಅಡಿಕೆಗೆ ಔಷಧಿ ಹೊಡೆಯೋರ ಥರ ಸಾಲಾಗಿ ನಡೆಯುತ್ತಾ ಹಿಮವನ್ನು ಊದಿ ಆಚೆ ತಳ್ಳುತ್ತಾರೆ. ನಾಲ್ಕು ಚೆಂಡು ಎಸೆಯುವಷ್ಟರಲ್ಲಿ ನೆಲ ಮತ್ತೆ ಬೆಳ್ಳಗೆ. ಅಪ್ಪ ಕನ್ನಡಕ ಒರೆಸಿ ಒರೆಸಿ ಕರ್ಚೀಫು ಒದ್ದೆಯಾಗಿತ್ತು.

ಐದನೇ ಇನ್ನಿಂಗ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ 4-0 ಮುಂದಿತ್ತು. ಅವರ ಪಿಚರ್ (ಚೆಂಡು ಎಸೆಯುವವರು) ಪಾಲ್ ಬರ್ಡ್ ಅಲ್ಲಿಯ ತನಕ ಒಂದೂ ಹಿಟ್ (ಹೊಡೆದು ಬೇಸ್ ಮುಟ್ಟುವ ಹೊಡೆತ) ಕೊಟ್ಟಿರಲಿಲ್ಲ. ಇನ್ನೊಂದೇ ಒಂದು ಸ್ಟ್ರೈಕ್ (ಬ್ಯಾಟರ್‌ಗೆ ಮೂರು ಬಿದ್ದರೆ ಔಟ್) ಬಿದ್ದಿದ್ದರೆ ಸಿಯಾಟಲ್‌ನವರ ಐದನೇ ಸರದಿ ಮುಗಿದು, ಪಂದ್ಯ ಲೆಕ್ಕಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಸಿಯಾಟಲ್ ಮ್ಯಾನೇಜರ್ ಮೈಕ್ ಹಾರ್‌ಗ್ರೋವ್ ಹೊರಗೆ ಬಂದು, ನಮ್ಮ ಬ್ಯಾಟರ್‌ಗೆ ಚೆಂಡೇ ಕಾಣ್ತಿಲ್ಲ ಎಂದು ಜಗಳ ತೆಗೆದರು. ಮತ್ತೆ ಕಾಯುವಿಕೆ, ಕೊನೆಗೆ ರದ್ದು. ಆಗಿನ ನಿಯಮದ ಪ್ರಕಾರ ಆಡಿದ್ದೆಲ್ಲ ಶೂನ್ಯ.

"ಇವರ ಹತ್ರ ಡಕ್‌ವರ್ತ್-ಲೂಯಿಸ್ ಇಲ್ವೇನೋ?" ಅಂದರು ಅಪ್ಪ.

ಶನಿವಾರ ಹೋಯಿತು, ಭಾನುವಾರ ಹೋಯಿತು, ಸೋಮವಾರದ ಪಂದ್ಯವೂ ಹೋಯಿತು. ಮುಂದಿನ ಎದುರಾಳಿ ಏಂಜಲ್ಸ್. ಆ ಪಂದ್ಯಗಳನ್ನು ಛಾವಣಿ ಮುಚ್ಚಬಹುದಾದ ಮಿಲ್ವಾಕೀ ಮೈದಾನಕ್ಕೆ ಸಾಗಿಸಿದರು. ಅಲ್ಲಿ ಹತ್ತು ಡಾಲರ್‌ಗೆ ಟಿಕೆಟ್ ಮಾರಿದರು! ನನ್ನ ಟಿಕೆಟ್ಟುಗಳು ಪಂದ್ಯ ಮತ್ತೆ ನಡೆದಾಗ ನಡೆಯುತ್ತವೆ ಅಂದರು. ಸರಿ, ಆದರೆ ಆ ಹೊತ್ತಿಗೆ ಅಪ್ಪ ತುಮಕೂರಲ್ಲಿ ಪೇಪರ್ ಓದುತ್ತಾ ಕೂತಿರುತ್ತಾರಲ್ಲ. ತಮಾಷೆ ಕೇಳಿ: ರದ್ದಾದ ಪಂದ್ಯಗಳಲ್ಲಿ ಒಂದು ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನಲ್ಲೇ ನಡೆಯಿತು, ಕ್ಲೀವ್‌ಲ್ಯಾಂಡನ್ನು ತವರು ತಂಡ ಅಂತ ಲೆಕ್ಕ ಹಿಡಿದು!

ಈಗ ನಿಮ್ಮ ಇನ್ನೊಂದು ಮಾತು. "ಮೊದಲ ಮೂರು ವಾರ ಬೆಚ್ಚಗಿನ ಊರುಗಳಲ್ಲೇ ಆಡಿಸಬಾರದಾ, ಇವರಿಗೆ ಅಷ್ಟೂ ಬುದ್ಧಿ ಇಲ್ವಾ" ಎಂದು ಬರೆದಿದ್ದೀರಿ. ಬುದ್ಧಿ ಇದೆ. ಅದು ಗಲ್ಲಾಪೆಟ್ಟಿಗೆ ಕಡೆ ಇದೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ಸ್ಕೂಲು, ಜನ ಕಮ್ಮಿ. ರಜೆ ಶುರುವಾದ ಮೇಲೆ ಮೈದಾನ ತುಂಬುತ್ತದೆ. ಹೂಸ್ಟನ್, ಮಯಾಮಿಯವರು ತಮ್ಮ ತವರು ಪಂದ್ಯಗಳನ್ನೆಲ್ಲ ಏಪ್ರಿಲ್‌ನಲ್ಲೇ ಆಡಿ ಮುಗಿಸಿ, ಜುಲೈನಲ್ಲಿ ಊರೂರು ಅಲೆಯಲು ಯಾಕೆ ಒಪ್ಪುತ್ತಾರೆ? 30 ತಂಡಗಳಲ್ಲಿ ಛಾವಣಿ ತೆರೆದು ಮುಚ್ಚುವ ಮೈದಾನ ಇರುವುದು ಏಳಕ್ಕೆ ಮಾತ್ರ. ಮಿನಿಯಾಪೊಲಿಸ್‌ನವರಂತೂ 1982ರಿಂದ 2009ರ ತನಕ ಮುಚ್ಚಿದ ಡೋಮ್‌ನಲ್ಲಿ ಆಡಿ, 2010ರಲ್ಲಿ ಬೇಕಂತಲೇ ಛಾವಣಿಯಿಲ್ಲದ ಮೈದಾನಕ್ಕೆ ಹೋದರು. ಬೇಸಿಗೆಯ ಸಂಜೆಯ ಆಸೆಗೆ ಏಪ್ರಿಲ್ ಚಳಿಯನ್ನು ತಾವೇ ಕರೆದುಕೊಂಡರು.

ಒಂದೊಂದು ತಂಡಕ್ಕೆ ಸೀಸನ್ನಿಗೆ 162 ಪಂದ್ಯ. ಆಟಗಾರರಿಗೆ ಬಿಡುವಿನ ದಿನ ಜಾಸ್ತಿ ಬೇಕು ಎಂದು 2018ರಿಂದ ಸೀಸನ್ನನ್ನು 187 ದಿನಕ್ಕೆ ಎಳೆದರು. ಹಾಗಾಗಿ ಶುರುವಾಗುವುದು ಮಾರ್ಚ್‌ಗೆ ಜಾರಿತು. 2013ರ ಏಪ್ರಿಲ್ 23ರಂದು ಡೆನ್ವರ್‌ನಲ್ಲಿ ಮೊದಲ ಚೆಂಡು ಎಸೆದಾಗ ಮೈನಸ್ 5 ಡಿಗ್ರಿ ಸೆಲ್ಸಿಯಸ್ ಇತ್ತು. ಪಿಚರ್ ಪಿಚಿಂಗ್ ಜಾಗದಲ್ಲಿ ನಿಂತು ಬಾಯಿಗೆ ಕೈ ತರುವ ಹಾಗಿಲ್ಲ. ಆದರೆ ಚಳಿ ಇದ್ದರೆ, ಎರಡೂ ಮ್ಯಾನೇಜರ್‌ಗಳು ಒಪ್ಪಿದರೆ, ಕೈಗೆ ಉಸಿರು ಊದಿಕೊಳ್ಳಬಹುದು ಎಂದು ರೂಲ್ ಬುಕ್ಕಲ್ಲೇ ಇದೆ. ಅಂದ್ರೆ ಚಳಿಗೆ ಮೊದಲೇ ಜಾಗ ಮಾಡಿಟ್ಟಿದ್ದಾರೆ.

ಅಕ್ಟೋಬರ್ ಇನ್ನೂ ಕಷ್ಟ. 1954ರಲ್ಲಿ ವರ್ಲ್ಡ್ ಸೀರೀಸ್ ಅಕ್ಟೋಬರ್ 2ಕ್ಕೇ ಮುಗಿದಿತ್ತು. 1969ರಲ್ಲಿ ಅದಕ್ಕೆ ಮೊದಲು ಒಂದು ಸುತ್ತು ಸೇರಿತು, 1995ರಲ್ಲಿ ಇನ್ನೊಂದು. 2022ರಿಂದ ಈ ಸುತ್ತುಗಳಿಗೆ 12 ತಂಡ, ಆ ವರ್ಷ ಮುಗಿದದ್ದು ನವೆಂಬರ್ 5ಕ್ಕೆ. ಅದರ ಮೇಲೆ ವರ್ಲ್ಡ್ ಸೀರೀಸ್‌ನಲ್ಲಿ ಈಗ ಎಲ್ಲವೂ ರಾತ್ರಿ ಪಂದ್ಯ. 1971ರಲ್ಲಿ ಟಿವಿಗಾಗಿ ಶುರುವಾದ ಚಟ ಅದು. 1976ರಲ್ಲಿ ಸಿನ್ಸಿನಾಟಿಯ ಕೊರೆಯುವ ರಾತ್ರಿಯಲ್ಲಿ ಲೀಗ್‌ನ ಮುಖ್ಯಸ್ಥ, ಕಮಿಷನರ್ ಬೋವಿ ಕೂನ್ ಕೋಟು ಹಾಕದೆ ಕೂತು, ಚಳಿಯೇ ಇಲ್ಲವೇನೋ ಎಂಬಂತೆ ನಟಿಸಿದರು. ಒಳಗೆ ಥರ್ಮಲ್ ಇತ್ತು ಅಂತ ಜನ ಆಡಿಕೊಂಡರು. ವರ್ಲ್ಡ್ ಸೀರೀಸ್‌ನ ಕೊನೆಯ ಮಧ್ಯಾಹ್ನದ ಪಂದ್ಯ 1987ರದ್ದು. ಅದೂ ಬಿಸಿಲು ಬೀಳದ ಮಿನಿಯಾಪೊಲಿಸ್ ಡೋಮ್‌ನಲ್ಲಿ! 1997ರ ನಾಲ್ಕನೇ ಪಂದ್ಯ ಅಪ್ಪ ನಡುಗಿದ ಅದೇ ಕ್ಲೀವ್‌ಲ್ಯಾಂಡ್ ಮೈದಾನದಲ್ಲಿ, 3 ಡಿಗ್ರಿಯಲ್ಲಿ ಶುರುವಾಗಿತ್ತು. 2008ರಲ್ಲಿ ಫಿಲಡೆಲ್ಫಿಯಾದಲ್ಲಿ ಸೋಮವಾರ ರಾತ್ರಿ 2-2 ಇದ್ದಾಗ ಮಳೆಗೆ ನಿಂತ ಪಂದ್ಯ ಮುಗಿದದ್ದು ಬುಧವಾರ. ಸುಮ್ನೆ ಯೋಚಿಸಿ, ಆ ಎರಡು ದಿನ ವಯಸ್ಸಾದವರನ್ನು ಕರೆದುಕೊಂಡು ಹೋಟೆಲ್‌ನಲ್ಲಿ ಕಾದಿರಬೇಕು. ಟಿಕೆಟ್ ರೇಟು ಬೇರೆ ಕೇಳಬೇಡಿ. ಯಾವ ಊರಲ್ಲಿ ಆಟ ಅನ್ನುವುದೇ ಕೆಲವು ದಿನ ಮೊದಲಷ್ಟೇ ಗೊತ್ತಾಗುವುದು.

ನನ್ನ ಕೇಳಿದರೆ ಹಳೆಯ 154 ಪಂದ್ಯಕ್ಕೇ ವಾಪಸ್ ಹೋಗಬೇಕು, ವಾರಾಂತ್ಯದ ಫೈನಲ್ ಪಂದ್ಯಗಳು ಮಧ್ಯಾಹ್ನ ನಡೆಯಬೇಕು. ಆಗಲ್ಲ, ಬಿಡಿ. ಎಂಟು ಪಂದ್ಯ ಕಡಿಮೆಯಾದರೆ ಪ್ರತಿ ತಂಡಕ್ಕೂ ತವರಿನ ನಾಲ್ಕು ದಿನದ ಗಲ್ಲಾ ಹೋಯಿತು. ಒಬ್ಬ ಮಾಲೀಕನೂ ಕೈ ಎತ್ತಲ್ಲ.

ನಿಮ್ಮ ಅಪ್ಪ-ಅಮ್ಮ ಬೇಸಿಗೆಯಲ್ಲೂ ಇಲ್ಲೇ ಇರುತ್ತಾರಲ್ವಾ? ಜೂನ್ ಮಧ್ಯದ ಮೇಲೆ, ಮಧ್ಯಾಹ್ನದ ಪಂದ್ಯ ನೋಡಿ. ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಹಗಲು ಪಂದ್ಯ ಈಗಲೂ ಬೇಕಾದಷ್ಟು ಇರುತ್ತವೆ. ನೆರಳಿರುವ ಸೀಟೇ ತಗೊಳ್ಳಿ, ಆಗ ಬಿಸಿಲಿನ ಗೋಳು ಶುರುವಾಗಿರುತ್ತದೆ. ಇಲ್ಲ, ಏಪ್ರಿಲ್‌ನಲ್ಲೇ ತೋರಿಸಬೇಕು ಅಂತ ಹಠ ಇದ್ದರೆ ಶಿಕಾಗೋ ಬಿಟ್ಟು ಮಿಲ್ವಾಕೀಗೆ ಕಾರು ತಿರುಗಿಸಿ. ಒಂದೂವರೆ-ಎರಡು ಗಂಟೆಯ ದಾರಿ. ಹಿಮ ಬಿದ್ದರೂ ಛಾವಣಿ ಹಾಕಿ ಆಡಿಸುತ್ತಾರೆ. ಆದರೂ ಅಮ್ಮನಿಗೆ ಒಂದು ಸ್ವೆಟರ್ ಇಟ್ಟುಕೊಂಡಿರಿ, ಪಾರ್ಕಿಂಗ್‌ನಿಂದ ಗೇಟಿನ ತನಕ ನಡೆಯಬೇಕಲ್ಲ.