ಪದಕ್ಕೆ 60 ಪೈಸೆ ಅಂದರೆ, ಯಾವ ಪದಕ್ಕೆ?

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ತಂಗಿ ಅಂದುಕೊಂಡೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿನಲ್ಲಿ ಓದಿ.

ನೀವು ಕೇಳಿದ್ದು ಇಷ್ಟು. ಸಿದ್ದಾಪುರದ ಕಡೆ ಊರು. ಬಿ.ಎಸ್ಸಿ., ಬಿ.ಎಡ್. ಆಗಿದೆ. ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೀರಿ. ರಾತ್ರಿ ಹೊತ್ತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಶುರು ಮಾಡಿ ಮೂರು ತಿಂಗಳಾಯಿತು. ಈಗ ಒಂದು ಅನುವಾದ ಏಜೆನ್ಸಿ ಪದಕ್ಕೆ 60 ಪೈಸೆ ಕೊಡುತ್ತೇವೆ, ಬೇಕಾದಷ್ಟು ಕೆಲಸ ಇದೆ ಅಂದಿದೆ. ಒಪ್ಪಲಾ, ಶಾಲೆ ಬಿಡಲಾ ಅಂತ ಪ್ರಶ್ನೆ.

ಶಾಲೆ ಈಗಲೇ ಬಿಡಬೇಡಿ. 60 ಪೈಸೆಗೂ ಇನ್ನೂ ಹೂಂ ಅನ್ನಬೇಡಿ. ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮನೆ ಬಾಡಿಗೆ, ಮಗಳ ಫೀಸು ಎರಡೂ ಇದರಲ್ಲೇ ನಡೆಯುತ್ತೆ. ಆದ್ದರಿಂದ ಆಗುವ ಕೆಲಸವೇ, ಆದರೆ ಮೊದಲು ಲೆಕ್ಕ ಸರಿ ಇರಬೇಕು.

ಆ ಏಜೆನ್ಸಿಗೆ ಮೊದಲು ಒಂದು ಪ್ರಶ್ನೆ ಕೇಳಿ. 60 ಪೈಸೆ ಯಾವ ಪದಕ್ಕೆ? ಇಂಗ್ಲಿಷ್ ಮೂಲದ ಪದಕ್ಕಾ, ನೀವು ಬರೆದ ಕನ್ನಡದ ಪದಕ್ಕಾ? "ಮನೆಯಲ್ಲಿದ್ದವರಿಗೂ" ಅನ್ನೋದು ನಮಗೆ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಆರೇಳು ಪದ ಬೇಕು. ನಮ್ಮಲ್ಲಿ ವಿಭಕ್ತಿ, ಕಾಲ, "ಊ"ಕಾರ ಎಲ್ಲ ಪದಕ್ಕೇ ಅಂಟಿಕೊಂಡು ಬರುತ್ತೆ ಅಲ್ವಾ. ನನ್ನ ಹಳೇ ಫೈಲುಗಳನ್ನು ತೆಗೆದು ಎಣಿಸಿ ನೋಡಿದ್ದೇನೆ, 1000 ಇಂಗ್ಲಿಷ್ ಪದ ಕನ್ನಡಕ್ಕೆ ಬಂದಾಗ 700ರಿಂದ 800ರ ಒಳಗೇ ನಿಲ್ಲುತ್ತೆ. ಕನ್ನಡದ ಪದ ಎಣಿಸಿ ದುಡ್ಡು ಕೊಡುವವರು ಅಲ್ಲೇ ಕಾಲು ಭಾಗ ಉಳಿಸಿಕೊಂಡ ಹಾಗೆ. ನಾನು ಮೊದಲ ಎರಡು ವರ್ಷ ಹೀಗೇ ಬಿಲ್ ಮಾಡಿದೆ. ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಇದರಲ್ಲಿ ಇನ್ನೊಂದು ಕೆಡುಕೂ ಇದೆ, ಅದು ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರು ತರಿಸುತ್ತೆ. ಕನ್ನಡ ಪದಕ್ಕೆ ದುಡ್ಡು ಅಂದರೆ ಚೊಕ್ಕವಾಗಿ ಬರೆದವರಿಗೆ ನಷ್ಟ. "ಪರಿಶೀಲನಾ ಕಾರ್ಯವನ್ನು ಕೈಗೊಳ್ಳಲಾಗುತ್ತದೆ" ಅಂದರೆ ಮೂರು ಪದದ ದುಡ್ಡು. "ಪರಿಶೀಲಿಸುತ್ತಾರೆ" ಅಂದರೆ ಒಂದು. ಓದುವವರಿಗೆ ಎರಡನೆಯದೇ ಹಿತ. ಆದ್ದರಿಂದ ಮೂಲದ ಪದಕ್ಕೇ ದರ ಅಂತ ಹಟ ಹಿಡಿಯಿರಿ. ಕೆಲಸ ಬರುವ ಮುಂಚೆಯೇ ಫೈಲ್ ಎಣಿಸಿ ಮೊತ್ತ ಹೇಳಿಬಿಡಬಹುದು, ಅವರಿಗೂ ಅದು ಸುಲಭ.

ಈಗ 60 ಪೈಸೆಯ ಲೆಕ್ಕ ನೋಡಿ. 1000 ಇಂಗ್ಲಿಷ್ ಪದ, ಕನ್ನಡದಲ್ಲಿ 750 ಅಂದುಕೊಳ್ಳಿ, 450 ರೂಪಾಯಿ. ಮೂಲ ಓದಬೇಕು, ಪದ ಹುಡುಕಬೇಕು, ಟೈಪ್ ಮಾಡಬೇಕು, ಮಾರನೇ ದಿನ ಇನ್ನೊಮ್ಮೆ ಓದಿ ತಿದ್ದಬೇಕು. ಹೊಸಬರಿಗೆ ನಾಲ್ಕೂವರೆ ಗಂಟೆ ಹಿಡಿದೇ ಹಿಡಿಯುತ್ತೆ. ಗಂಟೆಗೆ ನೂರು ರೂಪಾಯಿ. ಕರೆಂಟು, ಇಂಟರ್ನೆಟ್ಟು, ಲ್ಯಾಪ್‌ಟಾಪು ಎಲ್ಲ ನಿಮ್ಮದೇ.

ದರವನ್ನು ಹಿಂದಿನಿಂದ ಕಟ್ಟಿಕೊಂಡು ಬನ್ನಿ. ತಿಂಗಳಿಗೆ 25,000 ಬೇಕು ಅಂತಿಟ್ಟುಕೊಳ್ಳಿ. ಕೆಲಸದ ದಿನ 22. ಅದರಲ್ಲಿ ಮೊದಲ ವರ್ಷ ಅರ್ಧ ದಿನಗಳು ಕೆಲಸ ಹುಡುಕೋದಕ್ಕೆ, ಸ್ಯಾಂಪಲ್ ಕೊಡೋದಕ್ಕೆ, ಬಿಲ್ಲಿಗೆ, ಫೋನಿಗೆ ಹೋಗುತ್ತೆ. ಉಳಿದದ್ದು 11 ದಿನ. ಕೈ ಪಳಗಿದ ಮೇಲೆ ದಿನಕ್ಕೆ 2000 ಮೂಲ ಪದ ಚೆನ್ನಾಗಿ ಮಾಡಬಹುದು, ಅದಕ್ಕಿಂತ ತೀರಾ ಜಾಸ್ತಿ ಮಾಡಿದರೆ ತಪ್ಪು ನುಸುಳುತ್ತೆ. ಅಲ್ಲಿಗೆ ತಿಂಗಳಿಗೆ 22,000 ಪದ. ಭಾಗಿಸಿ ನೋಡಿ, ಪದಕ್ಕೆ 1 ರೂಪಾಯಿ 14 ಪೈಸೆ ಬರುತ್ತೆ. ಖರ್ಚು ಸೇರಿಸಿದರೆ 1.25ಕ್ಕಿಂತ ಕೆಳಗೆ ಇಳಿಯೋದು ನಿಮಗೆ ಕಟ್ಟುವುದಿಲ್ಲ. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಲೆಕ್ಕ ಮಾಡದೆ ಯಾರಿಗೂ ದರ ಹೇಳಬೇಡಿ.

"ಬೇಕಾದಷ್ಟು ಕೆಲಸ" ಅಂದರೆ ಏನು ಅಂತಲೂ ಬಿಡಿಸಿ ಕೇಳಿ. ಈಗ ಬಹಳ ಕಡೆ ಅದರ ಅರ್ಥ, ಯಂತ್ರ ಮಾಡಿದ ಅನುವಾದವನ್ನು ತಿದ್ದಿಕೊಡಿ ಅಂತ. ಅದು ತಪ್ಪು ಕೆಲಸ ಅಲ್ಲ, ನಾನೂ ಮಾಡುತ್ತೇನೆ, ಆದರೆ ಗಂಟೆ ಲೆಕ್ಕದಲ್ಲಿ ಮಾತ್ರ. ಒಂದು ಪುಟ ಹತ್ತು ನಿಮಿಷಕ್ಕೆ ಮುಗಿಯುತ್ತೆ, ಇನ್ನೊಂದು ಪುಟ ಪೂರ್ತಿ ಹೊಸದಾಗಿ ಬರೆಯಬೇಕಾಗುತ್ತೆ. ಗೊಬ್ಬರ ಹಾಕಿ ಅನ್ನೋ ಕಡೆ ಇಂಗ್ಲಿಷಿನ "ಅಪ್ಲೈ" ನೋಡಿ "ಗೊಬ್ಬರಕ್ಕೆ ಅರ್ಜಿ ಸಲ್ಲಿಸಿ" ಅಂತ ಬಂದಿದ್ದನ್ನು ನಾನೇ ತಿದ್ದಿದ್ದೇನೆ. ಇಂಥ ತಪ್ಪು ಕಣ್ಣಿಗೆ ಬೀಳುತ್ತೆ. ವಾಕ್ಯ ಸರಾಗವಾಗಿದ್ದು "ಬೇಡ" ಅನ್ನೋದು ಮಾತ್ರ ಬಿಟ್ಟುಹೋಗಿರುತ್ತೆ ನೋಡಿ, ಅದು ಭಯ. ಪ್ರತಿ ವಾಕ್ಯವನ್ನೂ ಮೂಲದ ಜೊತೆ ಇಟ್ಟು ನೋಡಲೇಬೇಕು. ಅದಕ್ಕೆ ಪದಕ್ಕೆ ಹದಿನೈದು ಇಪ್ಪತ್ತು ಪೈಸೆ ಅಂದರೆ ಯಾರಿಗೂ ನ್ಯಾಯ ಅಲ್ಲ.

ಶಾಲೆ ಬಿಡಬೇಡಿ ಅಂದಿದ್ದಕ್ಕೂ ಕಾರಣ ಇದೇ. ಐದನೇ ವರ್ಷದಲ್ಲಿ ನನ್ನ ಸಂಪಾದನೆಯ ಮುಕ್ಕಾಲು ಭಾಗ ಒಂದೇ ಏಜೆನ್ಸಿಯಿಂದ ಬರುತ್ತಿತ್ತು. ಒಂದು ಸೋಮವಾರ ಮೇಲ್ ಬಂತು, ಮುಂದಿನ ತಿಂಗಳಿಂದ ಯಂತ್ರದ ಅನುವಾದಕ್ಕೆ ಹೋಗುತ್ತಿದ್ದೇವೆ, ದರ ಮೂರನೇ ಒಂದು ಭಾಗ. ಆರು ತಿಂಗಳು ತುಂಬ ಕಷ್ಟ ಆಯಿತು, ಚಿನ್ನ ಅಡ ಇಟ್ಟೆ. ಆಮೇಲಿಂದ ಯಾವ ಒಬ್ಬ ಗ್ರಾಹಕರೂ ನನ್ನ ಸಂಪಾದನೆಯ ಮೂರನೇ ಒಂದು ಭಾಗ ದಾಟದ ಹಾಗೆ ನೋಡಿಕೊಳ್ಳುತ್ತೇನೆ. ನೀವು ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇಟ್ಟು, ಮೂರು ಗ್ರಾಹಕರು ಎರಡನೇ ಸಲ ತಾವಾಗಿ ಕರೆದ ಮೇಲೆ ಶಾಲೆ ಬಿಡುವ ಮಾತು ತೆಗೆಯಿರಿ.

ಹಾಗಾದರೆ ಗ್ರಾಹಕರು ಎಲ್ಲಿ? ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮನೆಯಲ್ಲಿ ಅಡಿಕೆ ತೋಟ ಇದೆ ಅಂತ ಬರೆದಿದ್ದೀರಿ, ವಿಜ್ಞಾನ ಓದಿದ್ದೀರಿ. ಎಲ್ಲ ಅನುವಾದ ಮಾಡುತ್ತೇನೆ ಅಂದರೆ ಎಲ್ಲರ ಜೊತೆ ದರದಲ್ಲಿ ಗುದ್ದಾಡಬೇಕು. ಕೃಷಿ ಮತ್ತು ಆರೋಗ್ಯದ ಬರಹ ಮಾಡುತ್ತೇನೆ ಅನ್ನಿ. ನೋಡಿ, ಇಂಗ್ಲಿಷ್ ಕರಪತ್ರದಲ್ಲಿ ಶೇಕಡಾ ಒಂದರ ಬೋರ್ಡೋ ದ್ರಾವಣ (ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿ) ಅಂತ ಇರುತ್ತೆ. ಪಟ್ಟಣದಲ್ಲಿ ಕೂತು ಅನುವಾದ ಮಾಡಿದವರು ಹಾಗೇ ಬರೆದು ಮುಗಿಸುತ್ತಾರೆ. ಅದು ತಪ್ಪಲ್ಲ. ಆದರೆ ತೋಟದವರಿಗೆ ಬೇಕಾದದ್ದು 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬೇಡ ಅನ್ನೋದು. ನಿಮಗೆ ಇದು ಗೊತ್ತು, ಮಳೆಗಾಲದ ಮುಂಚೆ ಮನೆಯಲ್ಲೇ ನೋಡಿರುತ್ತೀರಿ. ಮೂಲದಲ್ಲಿ ಇಲ್ಲದ್ದನ್ನು ನಾವಾಗಿ ಸೇರಿಸಬಾರದು, ಆದರೆ "ಅಳತೆ ಬಿಡಿಸಿ ಹಾಕಬಹುದಾ" ಅಂತ ಗ್ರಾಹಕರನ್ನು ಕೇಳಬಹುದು. ಹಾಗೆ ಕೇಳುವ ಅನುವಾದಕರನ್ನು ಅವರು ಮರೆಯುವುದಿಲ್ಲ. ರೋಗದ ಹೆಸರೂ ಹಾಗೆಯೇ, ಅಡಿಕೆಯ ಅದೇ ರೋಗಕ್ಕೆ ನಿಮ್ಮ ಕಡೆ ಕೊಳೆ ಅಂತಾರೆ, ದಕ್ಷಿಣ ಕನ್ನಡದ ಕಡೆ ಮಹಾಳಿ. ಕರಪತ್ರ ಯಾವ ಜಿಲ್ಲೆಗೆ ಹೋಗುತ್ತೆ ಅಂತ ಕೇಳಿಯೇ ಬರೆಯಬೇಕು.

ನನ್ನ ಮೊದಲ ನೇರ ಗ್ರಾಹಕರು ಸಿಕ್ಕಿದ್ದು ಹೀಗೆ. ಹನಿ ನೀರಾವರಿ ಸಾಮಾನು ಮಾರುವ ಒಂದು ಕಂಪನಿಯ ಕನ್ನಡ ಕೈಪಿಡಿ ನಮ್ಮ ಮಾವನ ಮನೆಯಲ್ಲಿ ಬಿದ್ದಿತ್ತು, ಒಂದು ಪುಟವೂ ಅರ್ಥವಾಗುವ ಹಾಗಿರಲಿಲ್ಲ. ಒಂದೇ ಒಂದು ಪುಟ ಹೊಸದಾಗಿ ಬರೆದು, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ. ಬೈದು ಬರೆಯಲಿಲ್ಲ, ಬೇಕಾದರೆ ಪೂರ್ತಿ ಮಾಡಿಕೊಡುತ್ತೇನೆ ಅಂತಷ್ಟೇ ಬರೆದೆ. ಮೂರು ವಾರ ಉತ್ತರ ಇಲ್ಲ, ಆಮೇಲೆ ಫೋನ್ ಬಂತು. ಅಂಥ ಹತ್ತು ಮೇಲ್ ಕಳಿಸಿದರೆ ಒಂದಕ್ಕೆ ಉತ್ತರ ಬಂದೀತು, ಅದು ಸಾಕು. ತೋರಿಸಲು ಕೆಲಸ ಇಲ್ಲ ಅಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಲ್ಲಿ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಅನುವಾದಿಸಿ ಹಾಕಬಹುದು. ದುಡ್ಡು ಇಲ್ಲ, ಹೆಸರು ಇರುತ್ತೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್‌ನ ವೆಬ್‌ಸೈಟನ್ನೂ ನೋಡುತ್ತಿರಿ. ಸ್ಯಾಂಪಲ್ ಕೇಳಿದರೆ 250 ಪದದವರೆಗೆ ಸುಮ್ನೆ ಮಾಡಿಕೊಡಿ, ಅದಕ್ಕಿಂತ ಜಾಸ್ತಿಗೆ ದರ ಹೇಳಿ. ಕೆಲಸ ಕೊಡಲು ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವವರು ಮೋಸಗಾರರೇ, ಮಾತು ಬೆಳೆಸಬೇಡಿ.

ಇನ್ನು ದುಡ್ಡು ವಸೂಲಿ. ಇದನ್ನು ದಯವಿಟ್ಟು ಗಮನ ಇಟ್ಟು ಓದಿ, ಒಳ್ಳೆಯ ಅನುವಾದಕರು ಈ ಕೆಲಸ ಬಿಟ್ಟುಹೋಗೋದು ಇಲ್ಲೇ. ಒಬ್ಬರು ನನಗೆ 38,000 ರೂಪಾಯಿ ಏಳು ತಿಂಗಳು ಕೊಡಲಿಲ್ಲ. ಕೇಳಿದಾಗೆಲ್ಲ ಅಕೌಂಟ್ಸ್‌ನವರು ರಜೆ. ನನ್ನ ಹತ್ತಿರ ಇದ್ದದ್ದು ಫೋನಿನ ಮಾತು ಮಾತ್ರ, ಒಂದು ಕಾಗದ ಇಲ್ಲ. ಕೊನೆಗೆ ಅರ್ಧ ಬಂತು.

ಆಮೇಲೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ) ಮಾಡಿಸಿದೆ. ನೀವೂ ಮಾಡಿಸಿ, ಈ ವಾರವೇ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ವೆಬ್‌ಸೈಟಿನಲ್ಲಿ ನೀವೇ ಮಾಡಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲ. ಅದೇ ಹೆಸರಿನಂತೆ ಕಾಣುವ ಬೇರೆ ವೆಬ್‌ಸೈಟುಗಳು ಎರಡು ಮೂರು ಸಾವಿರ ಕೇಳುತ್ತವೆ, ಅಲ್ಲಿಗೆ ಹೋಗಬೇಡಿ. ಸೇವೆ ಕೊಡುವ ಒಬ್ಬರೇ ವ್ಯಕ್ತಿಯೂ ಕಾನೂನಿನ ಕಣ್ಣಿನಲ್ಲಿ ಅತಿ ಸಣ್ಣ ಉದ್ಯಮ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಇಂಥವರ ಬಿಲ್ಲನ್ನು ಬರಹದ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಹೇಗಿದ್ದರೂ 45 ದಿನ ದಾಟದ ಹಾಗೆ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಜೊತೆಗೆ 2024ರ ಏಪ್ರಿಲ್‌ನಿಂದ, ಹೀಗೆ ತಡ ಮಾಡಿದ ಕಂಪನಿಗಳು ಆ ಖರ್ಚನ್ನು ನಿಜಕ್ಕೂ ಪಾವತಿಸುವ ತನಕ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಿ ಆದಾಯದಿಂದ ಕಳೆಯುವ ಹಾಗಿಲ್ಲ. ಅದಕ್ಕೇ ಕಂಪನಿಗಳ ಅಕೌಂಟ್ಸ್‌ನವರು ಈಗ ಉದ್ಯಮ್ ಸಂಖ್ಯೆಯನ್ನು ಗಮನಿಸುತ್ತಾರೆ. ನೋಂದಣಿಗೆ ಮುಂಚೆ ಮಾಡಿದ ಕೆಲಸಕ್ಕೆ ಈ ದಾರಿ ಹಿಡಿಯೋದು ಕಷ್ಟ, ಆದ್ದರಿಂದ ಮೊದಲೇ ಮಾಡಿಸಿಡಿ ಅನ್ನೋದು. ನಾನು ಇಲ್ಲಿಯವರೆಗೆ ಒಂದೂ ದೂರು ಕೊಟ್ಟಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ, ಕೊಡಬೇಕಾದ ಕೊನೇ ತಾರೀಕು ಎರಡನ್ನೂ ಹಾಕುತ್ತೇನೆ, ಮೊದಲಿಗಿಂತ ಬೇಗ ಬರುತ್ತಿದೆ.

ತೆರಿಗೆ ಬಗ್ಗೆ ಎರಡೇ ಮಾತು. ಕಂಪನಿಗಳು ಸಾಮಾನ್ಯವಾಗಿ 10% ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕೊಡುತ್ತವೆ, ಪ್ಯಾನ್ ಕೊಡದಿದ್ದರೆ 20% ಹಿಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ. ಆದಾಯ ತೆರಿಗೆ ವೆಬ್‌ಸೈಟಿನಲ್ಲಿ ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ನೋಡಿ, ರಿಟರ್ನ್ ಹಾಕಿದರೆ ನಿಮ್ಮ ತೆರಿಗೆಗಿಂತ ಹೆಚ್ಚಾಗಿ ಹಿಡಿದದ್ದು ವಾಪಸ್ ಬರುತ್ತೆ. ಜಿಎಸ್‌ಟಿ ವರ್ಷಕ್ಕೆ 20 ಲಕ್ಷದ ಒಳಗೆ ಇದ್ದರೆ ಬೇಕಿಲ್ಲ. ಉಳಿದದ್ದಕ್ಕೆ ಶಿರಸಿಯಲ್ಲಿ ಒಬ್ಬ ಆಡಿಟರ್ ಹತ್ತಿರ ವರ್ಷಕ್ಕೊಮ್ಮೆ ಕೂತರೆ ಸಾಕು.

ಅಚ್ಚಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನೀವು ಯೂನಿಕೋಡ್‌ನಲ್ಲಿ ಚೆನ್ನಾಗಿ ಬರೆದು ಕೊಟ್ಟಿರುತ್ತೀರಿ. ಕನ್ನಡ ಬಾರದ ಡಿಸೈನರ್ ಅದನ್ನು ಫೋಟೋಶಾಪ್‌ಗೆ ಹಾಕಿದಾಗ, ಭಾರತೀಯ ಲಿಪಿಯ ಸೆಟ್ಟಿಂಗ್ ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತೆ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೇ, ಯೂನಿಕೋಡ್ ಅಲ್ಲದ ಅಕ್ಷರಕ್ಕೆ ಬದಲಿಸುವಾಗ ಅರ್ಕಾವತ್ತು, ದೀರ್ಘ ಹಾರಿಹೋಗೋದೂ ಇದೆ. ಅಚ್ಚಾದ ಮೇಲೆ ಅನುವಾದ ಸರಿ ಇಲ್ಲ ಅಂತ ಬೈಸಿಕೊಳ್ಳೋದು ನಾವು. ಅದಕ್ಕೆ ಅಚ್ಚಿಗೆ ಹೋಗುವ ಮುಂಚಿನ ಪಿಡಿಎಫ್ ನನಗೆ ತೋರಿಸಲೇಬೇಕು ಅಂತ ಮೊದಲೇ ಬರೆದುಕೊಡುತ್ತೇನೆ, ಒಂದು ಸಲ ನೋಡೋದು ದರದಲ್ಲೇ ಸೇರಿದೆ, ಎರಡನೇ ಸಲಕ್ಕೆ ಪುಟದ ಲೆಕ್ಕ.

ಪುಸ್ತಕದ ಕೆಲಸ ಬಂದರೆ ಅನುವಾದದ ಹಕ್ಕಿನ (ಕಾಪಿರೈಟ್) ಮಾತು ಬರಹದಲ್ಲೇ ಇರಲಿ. ಹಕ್ಕು ಬಿಟ್ಟುಕೊಡೋದು ಬರಹದಲ್ಲಿ ಇಲ್ಲದಿದ್ದರೆ ನಡೆಯುವುದಿಲ್ಲ, ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾನೂನು ಐದು ವರ್ಷ ಅಂತ ಎಣಿಸುತ್ತೆ. ನಿಮ್ಮ ಹೆಸರು ಒಳಪುಟದಲ್ಲಿ ಬರಲಿ ಅಂತಲೂ ಸೇರಿಸಿ.

ನಾಳೆ ಆ ಏಜೆನ್ಸಿಗೆ ಮೂರು ಸಾಲಿನ ಮೇಲ್ ಹಾಕಿ: "ನನ್ನ ದರ ಇಂಗ್ಲಿಷ್ ಮೂಲದ ಪದಕ್ಕೆ 1.25 ರೂಪಾಯಿ. ಯಂತ್ರದ ಅನುವಾದ ತಿದ್ದುವ ಕೆಲಸಕ್ಕೆ ಗಂಟೆ ಲೆಕ್ಕ, ಫೈಲ್ ನೋಡಿ ಹೇಳುತ್ತೇನೆ. ಬಿಲ್ ಕೊಟ್ಟ 30 ದಿನದೊಳಗೆ ಪಾವತಿ." ಇಳಿಸಿ ಅಂತ ಚೌಕಾಸಿ ಮಾಡಿದರೆ ದರ ಇಳಿಸುವ ಬದಲು ಕೆಲಸ ಮುಗಿಸಲು ದಿನ ಜಾಸ್ತಿ ಕೇಳಿ. ಅವರು ಏನು ಅಂದರು ಅಂತ ಇಲ್ಲೇ ಹಾಕಿ, ಇಲ್ಲಿ ಇದೇ ಕೆಲಸ ಮಾಡುವ ಇನ್ನೂ ನಾಲ್ಕೈದು ಜನ ಇದ್ದಾರೆ, ಅವರ ದರವೂ ಗೊತ್ತಾಗಲಿ. ನನ್ನ ಬಿಲ್ಲಿನ ನಮೂನೆ ಭಾನುವಾರ ಕೆಳಗೆ ಹಾಕುತ್ತೇನೆ.