ಸಂಪಾದಕರ ಉತ್ತರ: ಪಿಎಚ್.ಡಿ.ಗೆ ಮೊದಲು ಶಾಲೆ

ಮಾನ್ಯ ಓದುಗರೇ,

ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿರುವ ತಾವು, ಮಕ್ಕಳ ಮನಸ್ಸು ಮತ್ತು ದೇಹದ ಆರೋಗ್ಯವನ್ನು ಒಟ್ಟಿಗೆ ಅಭ್ಯಸಿಸುವ ಶಾಲಾ ಮನೋವಿಜ್ಞಾನದಲ್ಲಿ ಪ್ರಾಧ್ಯಾಪಕರಾಗುವ ಹಂಬಲವನ್ನು ತಿಳಿಸಿ, ಶಾಲೆಗಳಲ್ಲಿ ಕೆಲಸ ಮಾಡಿ ಸಮಯ ಕಳೆಯುವ ಬದಲು ನೇರವಾಗಿ ಸಂಶೋಧನೆಗೆ ಇಳಿಯಬಹುದೇ ಎಂದು ಕೇಳಿದ್ದೀರಿ. ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ.

ಈ ಶಾಸ್ತ್ರ ತರಗತಿಯ ತೊಡಕುಗಳಿಂದಲೇ ಬೆಳೆದದ್ದು. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಲೈಟ್ನರ್ ವಿಟ್ಮರ್ ತೆರೆದ ಮನೋವೈಜ್ಞಾನಿಕ ಚಿಕಿತ್ಸಾಲಯಕ್ಕೆ ಮೊದಲು ಬಂದವನು, ಕಾಗುಣಿತದಲ್ಲಿ ಪದೇ ಪದೇ ತಪ್ಪುತ್ತಿದ್ದ ಒಬ್ಬ ಹುಡುಗ. ಅವನ ತೊಂದರೆಯನ್ನು ವಿಟ್ಮರ್ ಅವರ ಗಮನಕ್ಕೆ ತಂದವರು ಅವನ ಶಿಕ್ಷಕಿ. ಪರೀಕ್ಷಿಸಿದಾಗ ದೃಷ್ಟಿದೋಷ ಕಂಡುಬಂದು ಕನ್ನಡಕ ಕೊಡಿಸಲಾಯಿತು, ಆದರೂ ಪ್ರತ್ಯೇಕ ಪಾಠ ಬೇಕೇ ಆಯಿತು. ದೇಹವೋ ಮನಸ್ಸೋ ಎಂಬ ಪ್ರಶ್ನೆಗೆ ಆ ಮೊದಲ ಪ್ರಕರಣದಲ್ಲಿಯೇ ಒಂದೇ ಪದದ ಉತ್ತರ ಇರಲಿಲ್ಲ.

ತಾವು ಪತ್ರದಲ್ಲಿ ಪ್ರಸ್ತಾಪಿಸಿರುವ ಮಕ್ಕಳ ಹೊಟ್ಟೆನೋವಿನ ವಿಷಯವನ್ನೇ ನೋಡೋಣ. ಬ್ರಿಟನ್ನಿನ ಮಕ್ಕಳ ವೈದ್ಯ ಜಾನ್ ಆಪ್ಲಿ ಮತ್ತು ಅವರ ಸಹೋದ್ಯೋಗಿ 1958ರಲ್ಲಿ ಸಾವಿರ ಶಾಲಾ ಮಕ್ಕಳ ಸಮೀಕ್ಷೆಯನ್ನು ಪ್ರಕಟಿಸಿ, ಮರುಕಳಿಸುವ ಹೊಟ್ಟೆನೋವು ಹತ್ತರಲ್ಲಿ ಸುಮಾರು ಒಂದು ಮಗುವನ್ನು ಕಾಡುತ್ತದೆಂದು ತೋರಿಸಿದರು. ಅವರು ಆಸ್ಪತ್ರೆಯಲ್ಲಿಯೇ ಕುಳಿತಿದ್ದರೆ, ವೈದ್ಯರವರೆಗೆ ಬಂದ ಮಕ್ಕಳಷ್ಟೇ ಅವರ ಲೆಕ್ಕಕ್ಕೆ ಸಿಗುತ್ತಿದ್ದರು. ಇಂಥ ಎಷ್ಟೋ ಮಕ್ಕಳಲ್ಲಿ ಅಂಗಾಂಗದ ರೋಗವೇನೂ ಕಾಣುವುದಿಲ್ಲವಾದರೂ ನೋವು ನಟನೆಯಲ್ಲ; ಕರುಳು ಮತ್ತು ಮಿದುಳಿನ ನಡುವಿನ ನರಸಂವಹನವು ಆತಂಕದಲ್ಲಿ ಸೂಕ್ಷ್ಮವಾಗಿ, ಸಾಮಾನ್ಯ ಚಲನೆಯೂ ನೋವಾಗಿ ಅನುಭವಕ್ಕೆ ಬರುತ್ತದೆ. ನೋವೆಂದು ಮನೆಯಲ್ಲಿ ಉಳಿಸಿಕೊಂಡಷ್ಟೂ ತಪ್ಪಿದ ಪಾಠಗಳ ಭಯ ಬೆಳೆಯುತ್ತದೆ, ಆ ಭಯ ಮತ್ತೆ ಹೊಟ್ಟೆಗೇ ಇಳಿಯುತ್ತದೆ. ಆದ್ದರಿಂದ ನೋವು ನಿಜವೇ ಎಂದು ಅಳೆಯುತ್ತ ಕೂರುವುದಕ್ಕಿಂತ, ನೋವಿರುವಾಗಲೂ ಮಗು ತರಗತಿಗೆ ಮರಳಲು ಯಾವ ಏರ್ಪಾಡು ನೆರವಾಗುತ್ತದೆ ಎಂದು ಕೇಳುವುದೇ ಫಲಕಾರಿ ಸಂಶೋಧನೆ. ಈ ಪ್ರಶ್ನೆ ಹೊಳೆಯಬೇಕಾದರೆ ಹಾಜರಿ ಪುಸ್ತಕವನ್ನೂ ಪರೀಕ್ಷೆಯ ದಿನದ ಬೆಳಗನ್ನೂ ಹತ್ತಿರದಿಂದ ಕಂಡಿರಬೇಕು.

ಅಮೆರಿಕದ ಶಾಲಾ ಮನೋವಿಜ್ಞಾನಿಗಳ ರಾಷ್ಟ್ರೀಯ ಸಂಘವು ಪಿಎಚ್.ಡಿ.ಗಿಂತ ಕೆಳಗಿನದಾದ ತಜ್ಞ ಹಂತದ ತರಬೇತಿಗೂ 1200 ಗಂಟೆಗಳ ಇಂಟರ್ನ್‌ಶಿಪ್ ಬೇಕೆಂದೂ, ಅದರಲ್ಲಿ ಕನಿಷ್ಠ 600 ಗಂಟೆ ಶಾಲೆಯಲ್ಲಿಯೇ ಕಳೆಯಬೇಕೆಂದೂ ವಿಧಿಸುವುದು ಸುಮ್ಮನೆ ಅಲ್ಲ. ನಾಳೆ ಅಂಥ ತರಬೇತಿಯ ಮೇಲ್ವಿಚಾರಣೆಯೂ ಪ್ರಾಧ್ಯಾಪಕರಾದ ತಮ್ಮ ಪಾಲಿಗೇ ಬರುತ್ತದೆ.

ಒಂದು ಕಷ್ಟವನ್ನು ಮಾತ್ರ ಮುಚ್ಚಿಡಲಾರೆ. ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಕ್ಕೆ ಶಾಲೆಯ ಅನುಮತಿ, ಪೋಷಕರ ಸಮ್ಮತಿ, ಮಗುವಿನ ಒಪ್ಪಿಗೆ, ನೈತಿಕ ಸಮಿತಿಯ ಪರಿಶೀಲನೆ ಎಲ್ಲವೂ ಬೇಕು. ಬಡ್ತಿಯ ಸಮಿತಿಗಳಾದರೋ ಪ್ರಬಂಧಗಳನ್ನು ಎಣಿಸುತ್ತವೆ (ಓದುತ್ತವೆಯೇ ಎಂಬುದು ಬೇರೆ ಮಾತು). ಹೀಗಾಗಿ ಬೇಗ ಮುಗಿಯುವ ಪ್ರಶ್ನಾವಳಿಗಳ ಕಡೆಗೆ ಮನಸ್ಸು ಜಾರುವುದು ಸಹಜ. ಮಾರ್ಗದರ್ಶಕರನ್ನು ಆರಿಸುವಾಗ ಅವರ ಪ್ರಕಟಣೆಗಳ ಪಟ್ಟಿಯನ್ನು ನೋಡುವುದಕ್ಕೆ ಮೊದಲು, ಅವರು ಈಗಲೂ ಶಾಲೆಗಳಿಗೆ ಹೋಗುತ್ತಾರೆಯೇ ಎಂದು ಅವರ ಈಗಿನ ವಿದ್ಯಾರ್ಥಿಗಳನ್ನು ವಿಚಾರಿಸಿ.

— ಸಂಪಾದಕ