ಒಬ್ಬರು ಗೂಡಲ್ಲಿ, ಒಬ್ಬರು ಕಡಲಲ್ಲಿ

ಪ್ರಶ್ನೆ: ಒಂದು ವಿಡಿಯೊದಲ್ಲಿ ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲಹಕ್ಕಿ ದಿನಗಟ್ಟಲೆ ಒಂಟಿಯಾಗಿ ಕಾವು ಕೂತಿತ್ತು. ಜೋಡಿಹಕ್ಕಿಯ ಸುಳಿವೇ ಇಲ್ಲ. ಅದು ವಾಪಸ್ ಬರುತ್ತಾ? ಯಾರು ಎಷ್ಟು ದಿನ ಕೂರಬೇಕು ಅಂತ ತೀರ್ಮಾನ ಮಾಡೋದು ಯಾರು?

ಉತ್ತರ: ಸಾಮಾನ್ಯವಾಗಿ ಬರುತ್ತದೆ. ತಡವಾಗುವುದು ಊಟ ದೂರ ಇರುವುದಕ್ಕೆ. ಅಲೆಮಾರಿ ಆಲ್ಬಟ್ರಾಸ್ ಒಮ್ಮೆ ಹೊರಟರೆ ಸಾವಿರಾರು ಕಿಲೋಮೀಟರ್ ಸುತ್ತಿ ಬರುವುದುಂಟು. ಇಡುವುದು ಒಂದೇ ಮೊಟ್ಟೆ, ಅದಕ್ಕೆ ಹೆಚ್ಚುಕಮ್ಮಿ 11 ವಾರ ಕಾವು ಬೇಕು. ಅಷ್ಟೂ ದಿನ ಗಂಡು ಹೆಣ್ಣು ಪಾಳಿ ಮೇಲೆ ಕೂರುತ್ತವೆ, ಒಂದೊಂದು ಪಾಳಿ ವಾರ, ಎರಡು ವಾರ ಕೂಡ ಆಗಬಹುದು. ಕೂತವರಿಗೆ ಊಟ ಇಲ್ಲ. ಮೈಯಲ್ಲಿರುವ ಕೊಬ್ಬೇ ಬುತ್ತಿ.

ತೀರ್ಮಾನ ಮಾಡುವುದೂ ಆ ಕೊಬ್ಬೇ ಅನ್ನಬಹುದು. ಕಡಲಿಗೆ ಹೋದದ್ದು ಹೊಟ್ಟೆ ತುಂಬಿಸಿಕೊಂಡು ಬರುವವರೆಗೂ ಕೂತದ್ದಕ್ಕೆ ತಡೆಯುವ ಶಕ್ತಿ ಇರಬೇಕು, ಅಷ್ಟೇ. ಬುತ್ತಿ ತೀರಾ ಕರಗಿದರೆ ಅದು ಮೊಟ್ಟೆ ಬಿಟ್ಟು ಎದ್ದು ಹೋಗುತ್ತದೆ. ಕಲ್ಲು ಮನಸ್ಸು ಅನ್ನಬೇಡಿ, ದಶಕಗಟ್ಟಲೆ ಬದುಕುವ ಹಕ್ಕಿಗೆ ಒಂದು ಮೊಟ್ಟೆ ಹೋದರೆ ಇನ್ನೊಂದು ಇಡಬಹುದು, ಜೀವವೇ ಹೋದರೆ?

ಮರಿ ಹೊರಬಂದ ಮೇಲೆ ಲೆಕ್ಕವೇ ಬೇರೆ. ಮೊದಲ ಕೆಲವು ವಾರ ಒಬ್ಬರು ಕಾವಲಿಗೆ ಇರಲೇಬೇಕು. ಮರಿ ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳುವಷ್ಟು ಬೆಳೆದ ಮೇಲೆ ಇಬ್ಬರೂ ಬೇಟೆಗೆ ಹೋಗುತ್ತಾರೆ, ಯಾಕೆಂದರೆ ಒಬ್ಬರ ದುಡಿಮೆ ಸಾಲುವುದಿಲ್ಲ. ಸಿಕ್ಕ ಮೀನು, ಸ್ಕ್ವಿಡ್ (ಬೊಂಡಾಸ್) ಅನ್ನು ಹಾಗೇ ಹೊತ್ತು ತಂದರೆ ಭಾರ ಅಲ್ವಾ? ಅದಕ್ಕೇ ಬಹುತೇಕ ಆಲ್ಬಟ್ರಾಸ್, ಅವುಗಳ ನೆಂಟ ಕಡಲಹಕ್ಕಿ ಪೆಟ್ರೆಲ್‌ಗಳು ಹೊಟ್ಟೆಯಲ್ಲೇ ಅದರಿಂದ ಗಟ್ಟಿ ಎಣ್ಣೆ ಮಾಡಿಕೊಂಡು ತಂದು ಗುಟುಕು ಕೊಡುತ್ತವೆ. ವಾಸನೆ ಮಾತ್ರ ಕೇಳಬೇಡಿ!

ನನಗೆ ಜಾಸ್ತಿ ಇಷ್ಟವಾಗುವುದು ಆರ್ಕ್‌ಟಿಕ್‌ನ ಲಿಟಲ್ ಆಕ್. ಮುಷ್ಟಿಯಷ್ಟು ಹಕ್ಕಿ. ಮರಿಗಾಗಿ ಹತ್ತಿರದಲ್ಲೇ ಕೆಲವು ಚುಟುಕು ಸುತ್ತು ಹೊಡೆಯುತ್ತದೆ, ಆಮೇಲೆ ತನ್ನ ಹೊಟ್ಟೆಗಾಗಿ ಒಂದು ದೊಡ್ಡ ಸುತ್ತು. ಚೆಂದ ಏನೆಂದರೆ, ಒಬ್ಬರು ದೊಡ್ಡ ಸುತ್ತಿಗೆ ಹೋದಾಗ ಇನ್ನೊಬ್ಬರು ಚುಟುಕು ಸುತ್ತುಗಳಲ್ಲಿ ಇರುವುದು ಹೆಚ್ಚು. ಸುಮ್ನೆ ಕಾಕತಾಳೀಯ ಆಗಿದ್ದರೆ ಇಷ್ಟು ಸಲ ಹೊಂದಾಣಿಕೆ ಆಗುತ್ತಿರಲಿಲ್ಲ.

ಎಲ್ಲ ಜೋಡಿಗಳೂ ಸಮಪಾಲು ಅಂದುಕೊಳ್ಳಬೇಡಿ. ಫ್ರಿಗೇಟ್ ಹಕ್ಕಿಯಲ್ಲಿ ಗಂಡು ಬೇಗ ಜಾಗ ಖಾಲಿ ಮಾಡಿ, ಹೆಣ್ಣೇ ತಿಂಗಳುಗಟ್ಟಲೆ ಮರಿ ಸಾಕುವ ಜಾತಿಗಳಿವೆ. ಕಡಲ ಬಂಡೆಗಳ ಮೇಲೆ ಮರಿ ಮಾಡುವ ಹಕ್ಕಿ ಗಿಲ್ಲಿಮಾಟ್‌ನದು ಅದಕ್ಕೆ ತದ್ವಿರುದ್ಧ. ಮೂರು ವಾರದ ಮರಿ, ಇನ್ನೂ ಹಾರಲು ಬಾರದು, ಮುಸ್ಸಂಜೆಯಲ್ಲಿ ಕಡಿದಾದ ಬಂಡೆಯಿಂದ ನೀರಿಗೆ ಜಿಗಿಯುತ್ತದೆ. ಕೆಳಗೆ ಅದನ್ನು ಕೂಡಿಕೊಳ್ಳುವುದು ಅಪ್ಪ. ಮುಂದಿನ ಹಲವು ವಾರ ನಡುಕಡಲಲ್ಲಿ ಮೀನು ಹಿಡಿದು ತಿನ್ನಿಸುವುದೂ ಅವನೇ, ಅಮ್ಮ ಬಂಡೆಯ ಮೇಲಿನ ಖಾಲಿ ಜಾಗ ಕಾಯುತ್ತಾ ಇನ್ನೂ ಕೆಲವು ದಿನ ಅಲ್ಲೇ ಉಳಿಯುತ್ತಾಳೆ.